ಅಗಸಿಯ ರಸ್ತೆ ಮತ್ತು ಲಕ್ಷ್ಮಿಬಾಯಿಯ ನೇಮ

ಲಕ್ಷ್ಮಿಬಾಯಿ ಮಗದುಮ್ಮ ತೀರಿಕೊಂಡದ್ದು ೧೯೯೭ರ ಜನವರಿಯಲ್ಲಿ, ಕಬ್ಬಿನ ಹಂಗಾಮು ಜೋರಾಗಿದ್ದಾಗ. ಆಕೆಯನ್ನು ಹೊತ್ತುಕೊಂಡು ನಾವು ಬಸದಿ ಗಲ್ಲಿಯಿಂದ ಪೇಟೆಗೆ ಬಂದರೆ ಊರ ಹಳೆಯ ಬಾಗಿಲಾದ ಅಗಸಿಯ ಹತ್ತಿರ ಎರಡು ಕಬ್ಬಿನ ಲಾರಿಗಳು ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಒಂದರ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಎತ್ತಿನ ಗಾಡಿಗಳು, ಅವುಗಳ ಹಿಂದೆ ಮಿರಜಿನ ಬಸ್ಸು. ಹಿಂದೆ ಸರಿಯಲು ಯಾರಿಗೂ ಜಾಗವಿಲ್ಲ, ಇದ್ದರೂ ಮನಸ್ಸಿಲ್ಲ. ಹೆಗಲು ಕೊಟ್ಟವರು ಹೆಗಲು ಬದಲಿಸುತ್ತ ಬಿಸಿಲಲ್ಲೇ ನಿಂತೆವು. ಬದುಕಿದ್ದಾಗ ಈ ರಸ್ತೆಗಾಗಿ ಆಕೆ ಕಾದದ್ದು ಸಾಲದು ಎಂಬಂತೆ ಸತ್ತ ಮೇಲೂ ಕಾದಳು. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ರಾಜಾರಾಮ, ಕಾಗವಾಡದ ಪೇಟೆಯಲ್ಲಿ ಬಟ್ಟೆ ಹೊಲಿಯುವವನು. ಬಸದಿ ಗಲ್ಲಿ ಪೇಟೆಯ ರಸ್ತೆಗೆ ಬಂದು ಕೂಡುವ ಮೂಲೆಯಲ್ಲಿ ನನ್ನ ಅಂಗಡಿ. ಮಷೀನಿನ ಮುಂದೆ ಕೂತರೆ ಬಲಕ್ಕೆ ಹಳೆಯ ಅಗಸಿ, ಎಡಕ್ಕೆ ಗಲ್ಲಿಯ ಮೊದಲನೆಯ ಮನೆ ಕಾಣುತ್ತದೆ. ಆ ಮೊದಲನೆಯ ಮನೆ ಲಕ್ಷ್ಮಿಬಾಯಿಯದು, ಗಂಡ ಯಾವಾಗಲೋ ತೀರಿಕೊಂಡಿದ್ದ. ಅವರು ಜೈನರು, ನಾವು ಶಿಂಪಿಗಳು. ಆದರೆ ಆಕೆಯ ಮಗ ಕಾಕಾಸಾಹೇಬ ಮತ್ತು ನಾನು ಒಂದೇ ಶಾಲೆಯಲ್ಲಿ ಒಂದೇ ಮಾಸ್ತರರಿಂದ ಪೆಟ್ಟು ತಿಂದು ಕಲಿತವರು. ಆಕೆಯನ್ನು ನಾನು ಚಿಕ್ಕಮ್ಮನಂತೆ ಕಂಡು ಕಾಕು ಎನ್ನುತ್ತಿದ್ದೆ. ಅವರ ಮನೆಯ ನೀರು ಸೋಸುವ ಅರಿವೆಯನ್ನು ಮಡಿಸಿ ಅಂಚು ಹೊಲಿದುಕೊಡುವುದು ವರ್ಷವರ್ಷವೂ ನನ್ನ ಕೆಲಸವಾಗಿತ್ತು.

ರಸ್ತೆಯ ವಿಷಯ ಹೇಳಬೇಕು. ನಮ್ಮ ಭಾಗದ ಊರುಗಳಿಗೆಲ್ಲ ಇದೊಂದು ಅಂಟುರೋಗ. ಚಿಕ್ಕೋಡಿಗೆ ಹೋಗಿ, ರಾಯಬಾಗಕ್ಕೆ ಹೋಗಿ, ಅಥಣಿಗೆ ಹೋಗಿ, ಆ ಊರಲ್ಲಿ ಯಾವ ಕೆಲಸವೂ ಇಲ್ಲದ ಗಾಡಿ ಕೂಡ ಊರ ಎದೆಯ ಮೇಲೆ ಹಾದೇ ಮುಂದೆ ಹೋಗಬೇಕು. ಹೊರಗಿನಿಂದ ಸುತ್ತುಹಾಕಿ ಹೋಗಲು ದಾರಿಯಿಲ್ಲ. ಕಾಗವಾಡದಲ್ಲಿ ಅಥಣಿ, ಮಂಗಸೂಳಿ ಕಡೆಯಿಂದ ಬರುವ ಕಬ್ಬೆಲ್ಲ ಪೇಟೆಯನ್ನು ಸೀಳಿಕೊಂಡು ಉಗಾರದ ಕಡೆ ಹೊರಳಬೇಕು. ಪೇಟೆಯ ನಡುವೆ ಅಗಸಿ. ಬಾಗಿಲು ಯಾವಾಗಲೋ ಹೋಗಿದೆ, ಎರಡು ಕಡೆಯ ಕಲ್ಲಿನ ಕಂಬಗಳು ಮಾತ್ರ ಉಳಿದಿವೆ. ಎತ್ತಿನ ಗಾಡಿಯ ಕಾಲದಲ್ಲಿ ಕಟ್ಟಿದ್ದು, ಎತ್ತಿನ ಗಾಡಿಗೆ ಸರಿಹೋಗುತ್ತಿತ್ತು. ಎಂಟು ವರ್ಷದ ಹುಡುಗನಿಗೆ ಹೊಲಿದ ಅಂಗಿಯನ್ನು ಮದುಮಗನಿಗೆ ತೊಡಿಸಿದರೆ ಹೇಗಿರುತ್ತದೆ, ಹಾಗಾಯಿತು ನಮ್ಮ ಪೇಟೆ. ಕೃಷ್ಣಾ ನದಿಯಿಂದ ಪೈಪು ಎಳೆದು ನೀರು ಮೇಲೆತ್ತಿದರು, ಜೋಳದ ಹೊಲವೆಲ್ಲ ಕಬ್ಬಾಯಿತು, ಲಾರಿಗಳು ಹೆಚ್ಚಿದವು, ರಸ್ತೆ ಮಾತ್ರ ಅಷ್ಟೇ ಉಳಿಯಿತು.

೧೯೮೪ರ ಜನವರಿಯಲ್ಲಿ ಒಂದು ಸಂಜೆ ಕಾಕಾಸಾಹೇಬ ಹೊಲದಿಂದ ಸೈಕಲ್ಲಿನ ಮೇಲೆ ಮೇವಿನ ಹೊರೆ ಇಟ್ಟುಕೊಂಡು ಬರುತ್ತಿದ್ದ. ಅಗಸಿಯಲ್ಲಿ ಎರಡು ಲಾರಿ ಎದುರಾದವು. ಒಂದು ಹಿಂದೆ ಸರಿಯಿತು. ಸರಿಯುವಾಗ ಹಿಂದೆ ಯಾರಿದ್ದಾರೆ ಎಂದು ಡ್ರೈವರ್ ನೋಡಲಿಲ್ಲ, ನೋಡಿದ್ದರೂ ಅಷ್ಟು ಕಬ್ಬಿನ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಮಷೀನು ಬಿಟ್ಟು ಓಡಿದೆ. ಅವನು ಮೇವಿನ ಹೊರೆಯ ಪಕ್ಕದಲ್ಲಿ ಕಂಬಕ್ಕೆ ಒರಗಿ ಕೂತಂತೆ ಇದ್ದ. ಅಷ್ಟೇ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ನನ್ನಿಂದ ಆಗದು. ಅವನಿಗೆ ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಮನೆಗೆ ಸುದ್ದಿ ಹೇಳಲು ನಾನೇ ಹೋದೆ. ಲಕ್ಷ್ಮಿಬಾಯಿ ಕಾಕು ಊಟ ಮುಗಿಸಿ ಕೈ ತೊಳೆಯುತ್ತಿದ್ದಳು. ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಮುಳುಗಿದ ಮೇಲೆ ತುತ್ತು ಮುಟ್ಟುವಂತಿಲ್ಲ. ಮಗ ಬರುವುದು ತಡವಾಯಿತು, ಅಗಸಿಯಲ್ಲಿ ಗಾಡಿ ಸಿಕ್ಕಿಕೊಂಡಿರಬೇಕು ಎಂದುಕೊಂಡು ಆಕೆ ಉಂಡಿದ್ದಳು. ಸೊಸೆ ಮಂಗಲ ಗಂಡನಿಗಾಗಿ ಕಾದು ಉಂಡಿರಲಿಲ್ಲ. ಆಮೇಲೆ ಜನ ಸೇರಿ ಅಳುವಾಗ ಕಾಕುವಿನ ಬಾಯಿಂದ ಬಂದದ್ದು ಒಂದೇ ಮಾತು.

“ಅಂವ ಅಲ್ಲಿ ಬಿದ್ದಾನ, ನಾ ಇಲ್ಲಿ ಉಂಡೇನಿ. ನನ್ನ ಗಂಟಲದಾಗ ಹೆಂಗ ಇಳೀತು?”

ಆ ವರ್ಷದ ಮಳೆಗಾಲದಲ್ಲಿ ನಮ್ಮೂರ ಬಸದಿಗೆ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಬಂದಿದ್ದರು. ಅವರ ಮುಂದೆ ಕಾಕು ತೆಂಗಿನಕಾಯಿ ಇಟ್ಟು ನೇಮ ತೆಗೆದುಕೊಂಡಳು. ದಿನಕ್ಕೆ ಒಂದೇ ಊಟ. ಅದೂ ಸೊಸೆ ಹೊರಗಿನಿಂದ ಮನೆಗೆ ಬಂದು, ಅವಳ ಮುಖ ನೋಡಿದ ಮೇಲೆ. ಅಷ್ಟರಲ್ಲಿ ಹೊತ್ತು ಮುಳುಗಿದರೆ ಅವತ್ತು ಊಟವಿಲ್ಲ, ನೀರೂ ಇಲ್ಲ. ಮಾರನೆಯ ದಿನ ಮತ್ತೆ ಅದೇ ಷರತ್ತು. ಮಂಗಲ ಆಗ ಮನೆಯಲ್ಲೇ ಇರುತ್ತಿದ್ದಳು. ಬೆಳಗ್ಗೆ ಬಸದಿಗೆ ಹೋಗುತ್ತಿದ್ದಳು, ಬಾವಿಗೆ ಹೋಗುತ್ತಿದ್ದಳು, ಅಷ್ಟೇ. ಆ ದಿನಗಳಲ್ಲಿ ಈ ನೇಮ ಯಾರಿಗೂ ಭಾರವೆನಿಸಲಿಲ್ಲ.

ಮಂಗಲಳ ತವರಿನವರು ಕಬ್ಬೂರಿನಿಂದ ಬಂದು ಕರೆದರು. ಕಾಕು ಕೂಡ “ಹೋಗವ್ವಾ, ನಿನ್ನ ವಯಸ್ಸು ಸಣ್ಣದೈತಿ” ಎಂದಳು. ಮಂಗಲ ಗಂಟು ಕಟ್ಟಿದಳು, ಗಂಟು ಬಿಚ್ಚಿದಳು. “ನಾ ಹೋದ ಮ್ಯಾಲ ನೀವು ಯಾರ ಮುಖಾ ನೋಡಿ ಉಣ್ಣೂದ್ರಿ ಅತ್ತಿ?” ಎಂದು ಕೇಳಿದಳಂತೆ. ಅಲ್ಲಿಗೆ ಆ ಮಾತು ಮುಗಿಯಿತು. ಮದುವೆಗೆ ಮೊದಲೇ ಟಿ.ಸಿ.ಎಚ್. ಮಾಡಿಕೊಂಡಿದ್ದಳು, ೧೯೮೬ರಲ್ಲಿ ಮಂಗಸೂಳಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಹೊಲವನ್ನು ಪಾಲಿಗೆ ಹಾಕಿದ್ದರು, ಬರುವುದು ಅಷ್ಟಕ್ಕಷ್ಟೇ, ನೌಕರಿ ಬೇಕೇ ಬೇಕಾಗಿತ್ತು. ಇಬ್ಬರೂ ಮಂಗಸೂಳಿಯಲ್ಲೇ ಮನೆ ಮಾಡಬಹುದಿತ್ತು. ಆದರೆ ಕಾಕು ಮಗ ಬಿದ್ದ ಊರನ್ನೂ ಬಸದಿಯನ್ನೂ ಬಿಟ್ಟು ಬರಲು ಒಪ್ಪಲಿಲ್ಲ. ಕಾಗವಾಡಕ್ಕೆ ವರ್ಗ ಮಾಡಿಕೊಡಿರೆಂದು ಮಂಗಲ ಅರ್ಜಿ ಹಾಕುತ್ತಲೇ ಇದ್ದಳು, ಅರ್ಜಿಗಳು ಹೋಗುತ್ತಲೇ ಇದ್ದವು.

ಬೇಸಿಗೆಯಲ್ಲಿ, ಮಳೆಗಾಲದಲ್ಲಿ ತೊಂದರೆಯಿರಲಿಲ್ಲ. ಶಾಲೆ ಬಿಟ್ಟು ಬಸ್ಸು ಹತ್ತಿದರೆ ಬೆಳಕಿರುವಾಗಲೇ ಮನೆ. ದೀಪಾವಳಿ ಮುಗಿದು ಕಾರ್ಖಾನೆಗಳು ಶುರುವಾದವೆಂದರೆ ನಮ್ಮ ಗಲ್ಲಿಯ ಮೊದಲನೆಯ ಮನೆಯಲ್ಲಿ ಉಪವಾಸದ ಹಂಗಾಮು ಶುರುವಾಗುತ್ತಿತ್ತು. ಚಳಿಗಾಲದ ಹೊತ್ತು ಲಗುಬಗೆಯಿಂದ ಮುಳುಗುತ್ತದೆ, ಕಬ್ಬಿನ ಗಾಡಿ ಸಾವಕಾಶವಾಗಿ ನಡೆಯುತ್ತದೆ. ಬಸ್ಸು ಊರ ಹೊರಗೆ ಗಾಡಿಗಳ ಸಾಲಿನ ಬಾಲಕ್ಕೆ ಬಂದು ನಿಂತುಬಿಡುತ್ತಿತ್ತು.

ಕಾಕು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅಡುಗೆ ಮಾಡಿ ಮುಚ್ಚಿಟ್ಟಿರುತ್ತಿದ್ದಳು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕಾಯಿಸಿ ಆರಿಸಿದ ನೀರು. ಆಕೆಗೆ ಗಡಿಯಾರ ಬೇಕಿರಲಿಲ್ಲ. ಬಸದಿಯ ಶಿಖರದ ಮೇಲಿನ ಬಿಸಿಲನ್ನು ನೋಡುತ್ತಿದ್ದಳು. ಬಿಸಿಲು ಮೇಲೆ ಮೇಲೆ ಸರಿದು ಕಳಶದ ತುದಿಗೆ ಹೋಗುವುದು, ಆಮೇಲೆ ಇಲ್ಲವಾಗುವುದು. ಆಗ ಎದ್ದು, ಮೊಣಕಾಲು ಹಿಡಿದುಕೊಂಡು ಒಳಗೆ ಹೋಗುವಳು. ಸ್ವಲ್ಪ ಹೊತ್ತಿಗೆ ಮಂಗಲ ಏದುಸಿರು ಬಿಡುತ್ತ ಗಲ್ಲಿಗೆ ಹೊರಳಿ, ಖಾಲಿ ಕಟ್ಟೆಯನ್ನು ನೋಡಿ, ನಡಿಗೆ ನಿಧಾನ ಮಾಡುವಳು. ಅವಳೂ ಅವತ್ತು ಉಣ್ಣುತ್ತಿರಲಿಲ್ಲ.

ಊರಿಗೆ ಇದು ಗೊತ್ತಾಗಲು ತಡವಾಗಲಿಲ್ಲ. ಮಂದಿ ಕಾಕುವನ್ನು ಹೊಗಳಿದ್ದೇ ಹೊಗಳಿದ್ದು. ಬಸದಿಯಲ್ಲಿ ಹೆಂಗಸರು ಆಕೆಯ ಕಾಲು ಮುಟ್ಟಿ ನಮಸ್ಕರಿಸುವರು. ಬಸ್ಸಿನ ಕಂಡಕ್ಟರನೂ ಲಾರಿಯವರಿಗೆ ಕೂಗಿ ಹೇಳುವನು: “ಲೇ, ದಾರಿ ಬಿಡ್ರೋ, ಸಾಲಿ ಬಾಯಾರ ಮನ್ಯಾಗ ಮುದುಕಿ ಉಪಾಸ ಕುಂತೈತಿ!” ದಾರಿ ಇದ್ದರಲ್ಲವೇ ಬಿಡುವುದು? ನನಗೆ ಈ ಹೊಗಳಿಕೆ ಕೇಳಿದರೆ ಮೈ ಉರಿಯುತ್ತಿತ್ತು. ಇನ್ನೊಬ್ಬರ ಹಸಿವನ್ನು ಹೊಗಳಿ ತಾವು ಹೊಟ್ಟೆ ತುಂಬ ಉಂಡು ಮಲಗುವುದು ಸುಲಭ.

ಒಂದು ಸಲ ತಡೆಯಲಾರದೆ ಕಾಕುವಿಗೇ ಹೇಳಿದೆ. “ಕಾಕು, ಇದು ನೇಮ ಅಲ್ರಿ, ದನಾ ಕಟ್ಟೂ ದಾವಣಿ. ಮಂಗಲ ವೈನಿಯ ಕೊರಳಿಗೆ ಕಟ್ಟೀರಿ.”

ಆಕೆ ನನ್ನನ್ನು ನೋಡಿದಳು. “ಉಪಾಸ ಇರಾಕಿ ನಾನು. ಅಕಿಗೇನ್ ತ್ರಾಸು? ಅಕಿ ಸುರಳೀತ ಬರಲಿ ಅಂತ ನಾ ಇದನ್ನ ಹಿಡದೇನಿ. ನೀ ಅಂಗಿ ಹೊಲಿ, ಹೋಗು.”

ಎದ್ದು ಬಂದೆ. ಆಕೆ ನಿಜವಾಗಿಯೂ ಹಾಗೆಯೇ ನಂಬಿದ್ದಳು. ಹಿಂದೆ ತಾನು ಉಂಡದ್ದಕ್ಕೇ ಮಗ ಸತ್ತ, ಈಗ ತಾನು ಉಣ್ಣದೆ ಕಾದರೆ ಸೊಸೆ ಬದುಕುತ್ತಾಳೆ ಎಂಬುದು ಆಕೆಯ ಲೆಕ್ಕ. ಮುಂದಿನ ವರ್ಷ ಬಂದ ಮುನಿಗಳನ್ನು ಮಂಗಲ ಕೇಳಿ ನೋಡಿದಳು. ನೇಮವನ್ನು ಹಿಡಿದವರೇ ಮನಸಾರೆ ಬಿಡಬೇಕು, ಬಿಟ್ಟರೆ ಪ್ರಾಯಶ್ಚಿತ್ತವಿದೆ, ಬೇರೆಯವರು ಬಿಡಿಸಲಾಗದು ಎಂದು ಅವರು ಹೇಳಿದರು. ಕಾಕು ಬಿಡುವವಳಲ್ಲ.

ನಡುವೆ ೧೯೮೯ರಲ್ಲಿ ಬೈಪಾಸು ಬಂತು. ಬಂತು ಎಂದರೆ ಕಲ್ಲುಗಳು ಬಂದವು. ಸರ್ವೆಯವರು ಊರ ಹೊರಗೆ ಹೊಲಗಳಲ್ಲಿ ಅಳತೆ ಮಾಡಿ, ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ನೆಟ್ಟು ಹೋದರು. ಊರಲ್ಲಿ ಪೇಢೆ ಹಂಚಿದ್ದೂ ಉಂಟು. ಆದರೆ ತಮ್ಮ ಹೊಲದಲ್ಲಿ ರಸ್ತೆ ಹಾಯುವುದು ಯಾರಿಗೂ ಬೇಡ, ಪಕ್ಕದವನ ಹೊಲದಲ್ಲಿ ಹಾಯಲಿ ಎಂಬುದು ಎಲ್ಲರ ದೊಡ್ಡ ಮನಸ್ಸು. ಕಲ್ಲುಗಳಿಗೆ ಕಾಲು ಬಂದವು. ಅಣ್ಣಾಸಾಬನ ಹೊಲದ ಕಲ್ಲು ಸತ್ಯಪ್ಪನ ಹೊಲಕ್ಕೆ ಹೋಯಿತು, ಸತ್ಯಪ್ಪನ ಹೊಲದ್ದು ಅದರಾಚೆಗೆ ಹೋಯಿತು. ಹೀಗೆ ನಡೆದು ನಡೆದು ಕೊನೆಗೆ ಅವೆಲ್ಲ ಒಂದೇ ಹೊಲದಲ್ಲಿ ಬಂದು ನಿಂತವು. ಅದು ಲಕ್ಷ್ಮಿಬಾಯಿಯ ಹೊಲ. ತನ್ನ ಹೊಲಕ್ಕೆ ಬಂದ ಕಲ್ಲನ್ನು ಸರಿಸದೆ ಬಿಟ್ಟವಳು ಊರಲ್ಲಿ ಅವಳೊಬ್ಬಳೇ.

ಪಾಲಿಗೆ ಮಾಡುವ ಕಾಮಣ್ಣ ಬಂದು ಕೇಳಿದ. “ಅಕ್ಕಾರ, ಹೊಲದಾಗ ನಡಬರಕ ಕಲ್ಲಿನ ಸಂತಿನ ಕೂಡೈತಿ. ರಂಟಿ ಹೊಡಿಯಾಕ ಆಗವಲ್ದು. ಕಿತ್ತ ಒಗೀಲೇನ್ರಿ?”

“ಒಗೀಬ್ಯಾಡ,” ಎಂದಳು ಕಾಕು. “ರಸ್ತೆ ಆಗೂದಿದ್ರ ನನ್ನ ಹೊಲದಾಗ ಆಗಲಿ. ಪೂರಾ ಹೋದ್ರೂ ಹೋಗಲಿ. ಆ ಲಾರಿ ಊರಾಗಿಂದ ಹೋಗೂದ ತಪ್ಪಿದ್ರ ಸಾಕು.”

ಒಬ್ಬ ವಿಧವೆಯ ಹೊಲದಲ್ಲಿ ರಸ್ತೆ ಆರಂಭವಾಗಿ ಅಲ್ಲೇ ಮುಗಿಯುವುದು ಸಾಧ್ಯವೇ? ಸರ್ವೆಯವರು ಮತ್ತೆ ಬಂದು ನೋಡಿದರು, ನಕ್ಕರು, ಹೋದರು. ಆ ಕಲ್ಲುಗಳಿಗೆ ಕುರುಬರು ಆಡು ಕಟ್ಟುತ್ತಿದ್ದರು. ಊರಿಗೆ ಊರೇ ದಾರಿ ಬೇಕೆಂದು ಬೊಬ್ಬೆ ಹೊಡೆಯಿತು, ಕೊಡುವ ಹೊತ್ತಿಗೆ ಒಬ್ಬ ಮುದುಕಿ ಮಾತ್ರ ಕೈ ಎತ್ತಿದಳು. ಇದನ್ನು ಹೇಳಿದರೆ ನಮ್ಮೂರಿನವರಿಗೆ ಇವತ್ತೂ ಸಿಟ್ಟು ಬರುತ್ತದೆ, ಬರಲಿ.

ಈಗ ಮಂಗಲಳ ಕಡೆಯಿಂದ ನೋಡಬೇಕು. ಬಸ್ಸು ಸಾಲಿನ ಬಾಲದಲ್ಲಿ ನಿಂತಾಗ ಅವಳು ಮೊದಮೊದಲು ಒಳಗೇ ಕೂತಿರುತ್ತಿದ್ದಳು. ಕೂತರೆ ಮನೆಯಲ್ಲಿ ಉಪವಾಸ. ಆಮೇಲೆ ಇಳಿದು ನಡೆಯತೊಡಗಿದಳು. ರಸ್ತೆಯ ಅಂಚಿನಲ್ಲಿ ನಡೆಯೋಣವೆಂದರೆ ಪೇಟೆಯಲ್ಲಿ ಅಂಚೆಂಬುದೇ ಇಲ್ಲ, ಗಟಾರದ ತನಕ ಗಾಡಿಗಳು. ಹಾಗಾಗಿ ಗಾಡಿಗಳ ನಡುವೆ ನುಸುಳತೊಡಗಿದಳು. ಮೊದಲು ನಿಂತ ಗಾಡಿಗಳ ನಡುವೆ, ಆಮೇಲೆ ಹೊರಡಲಿರುವ ಗಾಡಿಗಳ ನಡುವೆ. ಗಂಡ ಸತ್ತ ಆ ಕಂಬದ ಪಕ್ಕದಲ್ಲೇ, ಹಾಗೆ ಸತ್ತವನ ಹೆಂಡತಿ, ಕಬ್ಬಿನ ಗರಿ ಮುಖಕ್ಕೆ ಬಡಿಯುತ್ತಿದ್ದರೂ ನಿಲ್ಲದೆ ಓಡುವುದನ್ನು ನಾನು ಅಂಗಡಿಯಿಂದ ನೋಡುತ್ತಿದ್ದೆ. ನೋಡಿದಾಗಲೆಲ್ಲ ನನ್ನ ಕಾಲು ಮಷೀನಿನ ಮೇಲೆ ನಿಂತುಬಿಡುತ್ತಿತ್ತು.

“ವೈನಿ, ಒಂದಿನ ಉಪಾಸ ಆದ್ರ ಮುದುಕಿ ಸಾಯಂಗಿಲ್ರಿ. ಹಿಂಗ ಓಡಬ್ಯಾಡ್ರಿ,” ಎಂದು ಕೈಮುಗಿದು ಹೇಳಿದ್ದೆ.

“ಮೊನ್ನೆ ಎರಡ ದಿನ ಸಾಲಾಗಿ ಉಪಾಸ ಆತ್ರಿ. ಕೊಡ ಎತ್ತಾಕ ಹೋಗಿ ಬವಳಿ ಬಂದು ಬಿದ್ರು. ಡಾಕ್ಟರು ಇನ್ನೊಮ್ಮೆ ಹಿಂಗಾದ್ರ ಜೀವಕ್ಕ ನಾ ಹೊಣಿ ಅಲ್ಲ ಅಂದಾರ. ನಾ ಓಡೂದು ಅತ್ತಿಯವರಿಗೆ ಮಾತ್ರ ಹೇಳಬ್ಯಾಡ್ರಿ ರಾಜಾರಾಮಣ್ಣ, ನಾ ಬಸ್ಸಿನ್ಯಾಗ ಅಗಸಿ ತನಕ ಬರತೀನಿ ಅಂತ ತಿಳಕೊಂಡಾರ.”

ಹೀಗಿತ್ತು ಆ ಮನೆ. ಅತ್ತೆ ಸೊಸೆಯ ಜೀವ ಉಳಿಯಲೆಂದು ಹಸಿದಿರುವಳು, ಸೊಸೆ ಅತ್ತೆಯ ಜೀವ ಉಳಿಯಲೆಂದು ಗಾಲಿಗಳ ನಡುವೆ ಓಡುವಳು. ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಿಲ್ಲ.

೧೯೯೨ರ ಜನವರಿಯ ಒಂದು ಸಂಜೆ. ಅವತ್ತು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಬಂದ ಜನವೂ ಮರಳುತ್ತಿದ್ದರು, ಜೀಪುಗಳು, ಟೆಂಪೊಗಳು, ಅವುಗಳ ನಡುವೆ ಕಬ್ಬು. ಶಿಖರದ ಮೇಲೆ ಅಂಗೈಯಷ್ಟು ಬಿಸಿಲು ಉಳಿದಿತ್ತು. ಅಗಸಿಯ ಆಚೆ ಮಂಗಲ ಕಂಡಳು. ಎರಡು ಟ್ರೇಲರ್ ಕಟ್ಟಿದ ಒಂದು ಟ್ರ್ಯಾಕ್ಟರ್ ದಾರಿಗೆ ಅಡ್ಡವಾಗಿ ನಿಂತಿತ್ತು. ಸುತ್ತಿ ಬರಲು ಜಾಗವಿಲ್ಲ. ಅವಳು ಸೀರೆಯನ್ನು ಎತ್ತಿ ಸಿಕ್ಕಿಸಿ, ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕಬ್ಬಿಣದ ಕೊಂಡಿಯನ್ನು ದಾಟಲು ಬಗ್ಗಿದಳು. ಅದೇ ಗಳಿಗೆಗೆ ಮುಂದಿನ ಲಾರಿ ಸರಿಯಿತು, ಟ್ರ್ಯಾಕ್ಟರ್ ಜಗ್ಗಿತು. ನಾನು ಕೂಗಿದೆ. ಪೇಟೆಗೆ ಪೇಟೆಯೇ ಕೂಗಿತು. ಬ್ರೇಕು ಬಿತ್ತು. ಸೀರೆಯ ಅಂಚು ಗಾಲಿಗೆ ಸಿಕ್ಕಿ ಹರಿಯಿತು, ಚೀಲ ಅಡಿಗೆ ಬಿತ್ತು. ಮಂಗಲ ನೆಲದ ಮೇಲೆ ಬಿದ್ದಳು, ಎದ್ದಳು, ಶಿಖರದ ಕಡೆ ಒಮ್ಮೆ ನೋಡಿದಳು, ಓಡಿದಳು.

ಟ್ರ್ಯಾಕ್ಟರಿನಿಂದ ಡ್ರೈವರ್ ಇಳಿದ. ಮಲಕಾರಿ ಎಂದು ಹೆಸರು, ಕಬ್ಬೂರಿನ ಕಡೆಯ ಕುರುಬರವನು, ಹೆಸರು ಆಮೇಲೆ ಗೊತ್ತಾಯಿತು. ಗಾಲಿಯ ಕೆಳಗಿನ ಅರಿವೆಯ ಚೂರನ್ನೂ ಚೀಲವನ್ನೂ ಎತ್ತಿಕೊಂಡು, ಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು, ಹಿಂದಿನವರು ಹಾರನ್ ಬಾರಿಸಿ ಬೈಯುತ್ತಿದ್ದರೂ ಕೇಳದೆ ಗಲ್ಲಿಯೊಳಗೆ ನಡೆದ. ನಾನು ಅವನ ಹಿಂದೆ ಹೋದೆ.

ಒಳಗೆ ಮಂಗಲ ಕೈ ತೊಳೆದು ಅತ್ತೆಗೆ ಬಡಿಸಿ ಆಗಿತ್ತು. ತಾನು ಕಟ್ಟೆ ಎಡವಿ ಬಿದ್ದೆ ಎಂದು ಹೇಳಿದ್ದಳಂತೆ. ಕಾಕು ತಟ್ಟೆಯ ಮುಂದೆ ಪಂಚನಮಸ್ಕಾರ ಮಂತ್ರ ಹೇಳಿ ಮೊದಲ ತುತ್ತು ಮುರಿದಿದ್ದಳು. ಮಲಕಾರಿ ಹೊಸ್ತಿಲ ಹೊರಗೆ ನಿಂತ.

“ಯವ್ವಾ, ಇಕಿ ನಿನ್ನ ಸೊಸಿ ಏನು? ಈಗ ನನ್ನ ಗಾಲಿ ಬುಡಕ ಹೊಕ್ಕಿದ್ಲು. ಮಂದಿ ಒದರಲಿಲ್ಲಂದ್ರ ಮುಗೀತಿತ್ತು. ಮಕ್ಕಳ ಮರಿ ಇರೋ ಮನಷಾ ನಾನು, ನನ್ನ ಕೈಲೆ ಒಂದ ಜೀವ ಹೋಗ್ತಿತ್ತಲ್ಲ ಯವ್ವಾ! ದಿನಾ ನೋಡತೀನಿ, ದಿನಾ ಹಿಂಗ ಗಾಡಿ ನಡಕ ಓಡ್ತಾಳ. ಅಂಥಾದ್ದೇನ್ ಗಡಿಬಿಡಿ? ಮನ್ಯಾಗ ಏನ್ ಹೊತ್ತಿ ಉರಿಯಾಕತ್ತಿತ್ತು?”

ಮಂಗಲ ಗೋಡೆಯ ಕಡೆ ತಿರುಗಿದಳು. ಕಾಕು ಕೈಯಲ್ಲಿದ್ದ ತುತ್ತನ್ನೂ ಹರಿದ ಸೀರೆಯ ಚೂರನ್ನೂ ನೋಡಿದಳು.

“ನಾ ಉಣ್ಣೂದಿತ್ತಪ್ಪಾ,” ಎಂದಳು.

ಮಲಕಾರಿಗೆ ಏನೂ ತಿಳಿಯಲಿಲ್ಲ. ಚೀಲವನ್ನು ಹೊಸ್ತಿಲ ಮೇಲಿಟ್ಟು, ತಲೆಗೆ ಸುತ್ತಿದ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಟುಹೋದ. ಕಾಕು ತುತ್ತನ್ನು ತಟ್ಟೆಯಲ್ಲಿ ಇಟ್ಟಳು. ಅವತ್ತು ಹೊತ್ತಿತ್ತು, ಸೊಸೆಯ ಮುಖ ಎದುರಿಗಿತ್ತು, ಆದರೂ ಉಣ್ಣಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ನೋಡಿದೆ. ಒಂದೇ ಮಾತು ಕೇಳಿದಳು. “ದಿನಾ ಹಿಂಗ ಬರ್ತಿದ್ದೇನವ್ವಾ?” ಮಂಗಲ ಹೊಸ್ತಿಲ ಮೇಲಿನ ಚೀಲವನ್ನು ಎತ್ತಿ ಒಳಗಿಟ್ಟಳು.

ಮರುದಿನ ಬೆಳಗ್ಗೆ ಮಂಗಲ ಶಾಲೆಗೆ ಹೋಗಲು ಹಿಂಜರಿದಳು. ಕಾಕು “ಸಾಲಿಗೆ ಹೋಗು, ಹುಡುಗೂರು ಕಾಯ್ತಿರ್ತಾವ” ಎಂದು ಕಳಿಸಿದಳು. ಆ ದಿನ ಕಾರ್ಖಾನೆಯಲ್ಲಿ ಏನೋ ಕೆಟ್ಟು ಕಬ್ಬು ಅರೆಯುವುದು ನಿಂತಿತ್ತು. ಮಧ್ಯಾಹ್ನದಿಂದ ಒಂದು ಲಾರಿಯೂ ಬರಲಿಲ್ಲ. ನಮ್ಮ ರಸ್ತೆ ಇಷ್ಟು ಅಗಲವಿದೆಯೇ ಎಂದು ನಾನೇ ಬೆರಗಾದೆ. ನಾಯಿಗಳು ನಡುರಸ್ತೆಯಲ್ಲಿ ಮಲಗಿದ್ದವು.

ಐದು ಗಂಟೆಯ ಸುಮಾರಿಗೆ ಕಾಕು ಕಟ್ಟೆಗೆ ಬಂದು ಕರೆದಳು. “ರಾಜಾ, ಮಷೀನ್ ಬಂದ್ ಮಾಡಿ ಬಾ ಇಲ್ಲಿ.”

ಏನೋ ಹೊಲಿಯುವುದಿರಬೇಕೆಂದು ಟೇಪು ಕೊರಳಿಗೆ ಹಾಕಿಕೊಂಡೇ ಹೋದೆ. ಆಕೆ ತಟ್ಟೆಯಲ್ಲಿ ತಾನೇ ಬಡಿಸಿಕೊಂಡಿದ್ದಳು. ಎರಡು ದಿನದ ಉಪವಾಸದ ಮುಖ, ತುಟಿ ಒಣಗಿ ಬಿರಿದಿತ್ತು. “ಹೊಸ್ತಲ ಮ್ಯಾಲ ಕುಂದ್ರು. ಒಬ್ಬರರ ನೋಡಿರಬೇಕು,” ಎಂದಳು. ಏನು ನೋಡಬೇಕೆಂದು ನನಗೆ ಆಗಲೂ ಹೊಳೆಯಲಿಲ್ಲ. ಆಕೆ ರಸ್ತೆಯ ಕಡೆ ಕಿವಿಗೊಟ್ಟು ಕೂತಿದ್ದಳು, ನಾನೂ ಕೂತೆ. ಶಿಖರದ ಮೇಲೆ ಬಿಸಿಲು ಧಾರಾಳವಾಗಿತ್ತು.

ಅಷ್ಟರಲ್ಲಿ ಅಗಸಿಯ ಹತ್ತಿರ ಬಸ್ಸಿನ ಹಾರನ್ ಕೇಳಿಸಿತು. ನನಗೆ ಹಿಗ್ಗಾಯಿತು. “ಬಂತ್ರಿ ಕಾಕು! ವೈನಿ ಬಂದ್ರು! ಇವತ್ತ ದಾರಿ ಖುಲ್ಲಾ ಐತಿ.”

“ಗೊತ್ತೈತಿ,” ಎಂದಳು, ರೊಟ್ಟಿ ಮುರಿದಳು.

“ತಡೀರಿ ಕಾಕು, ಬಂದೇ ಬಿಟ್ರಲ್ಲ, ಗಲ್ಲಿ ಹೊರಳೂದಷ್ಟ ಬಾಕಿ!”

ಆಕೆ ಕೇಳಲಿಲ್ಲ. ದಿನವೂ ಊಟಕ್ಕೆ ಮೊದಲು ಪಂಚನಮಸ್ಕಾರ ಹೇಳುವವಳು ಅವತ್ತು ಹೇಳಲಿಲ್ಲ. ಈ ಕೆಲಸಕ್ಕೆ ದೇವರನ್ನು ಕರೆಯಲು ಆಕೆಗೆ ನಾಚಿಕೆಯಾಗಿರಬೇಕು. ಒಣಗಿದ ಗಂಟಲಿಗೆ ತುತ್ತು ಇಳಿಯದೆ ನೀರು ಕುಡಿದು ನುಂಗಿದಳು, ಇನ್ನೊಂದನ್ನು ಮುರಿದಳು, ಅದನ್ನೂ ನುಂಗಿದಳು. ಕಣ್ಣೀರು ಕೆನ್ನೆಯ ಮೇಲಿಂದ ಇಳಿದು ಗದ್ದದಿಂದ ತಟ್ಟೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ನಿಲ್ಲಲಿಲ್ಲ. 

ಮಂಗಲ ನಗುತ್ತ ಒಳಗೆ ಬಂದಳು. ಓಡದೆ ಬಂದಿದ್ದಳು, ಮುಖದಲ್ಲಿ ಬೆವರಿರಲಿಲ್ಲ. “ಅತ್ತೀ, ಇವತ್ತ ನೋಡ್ರಿ ಎಷ್ಟ ಲಗೂನ…” ಎಂದವಳು ತಟ್ಟೆಯನ್ನು ನೋಡಿ ನಿಂತಳು.

“ಉಂಡ್ರೇನ್ರಿ?”

“ಉಂಡೆ.”

“ನಾ ಬರೋ ಹೊತ್ತಾಗಿತ್ತಲ್ರಿ. ಬಸ್ಸಿನ ಸಪ್ಪಳ ಕೇಳಿಸಲಿಲ್ಲೇನು?”

“ಕೇಳಿಸ್ತು. ಅದಕ್ಕ ಲಗೂ ಲಗೂ ಉಂಡೆ. ನೀ ಬಂದ ಮ್ಯಾಲ ಉಂಡಿದ್ರ ನೇಮ ಉಳೀತಿತ್ತು. ಅದು ಉಳೀಬಾರದಾಗಿತ್ತು.”

ಮಂಗಲ ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಗಂಡ ಸತ್ತಾಗ ನಾಲ್ಕು ಜನರ ನಡುವೆ ತುಟಿ ಕಚ್ಚಿ ಕೂತಿದ್ದವಳು ಈಗ ದನಿ ತೆಗೆದು ಅತ್ತಳು. ಕಾಕು ಎದ್ದು ಕೈ ತೊಳೆದು, ಇನ್ನೊಂದು ತಟ್ಟೆ ತಂದು ಅವಳ ಮುಂದಿಟ್ಟು, ರೊಟ್ಟಿ ಬಡಿಸಿದಳು.

“ಅಳಬ್ಯಾಡವ್ವಾ. ಪಾಪ ನಂದು, ಬಸ್ತ್ಯಾಗ ಹೋಗಿ ನಾ ಪ್ರಾಯಶ್ಚಿತ್ತ ಕೇಳಕೊಂತೀನಿ. ನೀ ನಾಳಿಂದ ಬಸ್ಸಿನ್ಯಾಗ ಕುಂತು ಬಾ. ಎಷ್ಟ ಹೊತ್ತಾದ್ರೂ ಆಗಲಿ, ನಾ ಉಂಡಿರತೀನಿ.”